ಶಕುನಿ ಮುಖದ ಮೇಲೊಂದು ಬಿಳಿ ಚೌಕ: ಕ್ಯಾಮೆರಾದ ಎಚ್‌ಡಿಎಂಐ ತೂತಿನ ಕಥೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಕುರುಕ್ಷೇತ್ರ ನಾಟಕ ಇತ್ತು. ನಮ್ಮ ಕಡೆ ಇದು ಹೊಸದೇನಲ್ಲ. ಊರಿನವರೇ ಪಾತ್ರ ಹಂಚಿಕೊಂಡು, ಪಾತ್ರಕ್ಕೆ ತಕ್ಕಂತೆ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ. ಸೀನರಿಯವರು ಬಂದು ಪರದೆ ಕಟ್ಟಿದ ಮೇಲೆ ರಾತ್ರಿ 9ಕ್ಕೆ ಶುರುವಾದ ನಾಟಕ ಬೆಳಕು ಹರಿಯುವ ತನಕ ನಡೆಯುತ್ತದೆ. ಅವತ್ತು ವಿಡಿಯೊ ಮಾಡುವ ಕೆಲಸ ನಮ್ಮದು.

ನಮ್ಮ ಹತ್ತಿರ ಇದ್ದದ್ದು ಮದುವೆ ಫೋಟೊ ತೆಗೆಯುವವರಿಂದ ಎರವಲು ತಂದ ಒಂದು ಕ್ಯಾಮೆರಾ. ಅದರ ಪಕ್ಕದ ಸಣ್ಣ ತೂತಿನಿಂದ ಒಂದು ಎಚ್‌ಡಿಎಂಐ ವೈರು ಎಳೆದು ಹೊರಗಿನ ರೆಕಾರ್ಡರ್‌ಗೆ ಕೊಟ್ಟೆವು. ಒಳಗಿನ ಕಾರ್ಡಿನಲ್ಲಿ ಒಂದು ಪ್ರತಿ, ಹೊರಗೆ ಇನ್ನೊಂದು ಪ್ರತಿ, ಇನ್ನು ಭಯವಿಲ್ಲ ಅಂದುಕೊಂಡೆವು. ಬೆಳಿಗ್ಗೆ ಮನೆಗೆ ಬಂದು ಟಿವಿಯಲ್ಲಿ ಹಾಕಿ ನೋಡಿದರೆ ಹೊರಗಿನ ರೆಕಾರ್ಡಿಂಗ್ ತುಂಬಾ ಗುರುತುಗಳು. ಮೂಲೆಯಲ್ಲಿ ಬ್ಯಾಟರಿ ಚಿತ್ರ, ಕೆಳಗೆ ಸಾಲಾಗಿ ಅಂಕಿಗಳು, ನಟ್ಟನಡುವೆ ಫೋಕಸ್ಸಿನ ಬಿಳಿ ಚೌಕ. ಕಾರ್ಡಿನ ಪ್ರತಿ ಚೊಕ್ಕವಾಗಿತ್ತು, ಆದರೆ ತುಂಡುತುಂಡು. ಅರ್ಧ ಗಂಟೆಗೊಮ್ಮೆ ಕ್ಯಾಮೆರಾ ತಾನಾಗಿಯೇ ರೆಕಾರ್ಡಿಂಗ್ ನಿಲ್ಲಿಸಿತ್ತು. ಶಕುನಿಯ ದೊಡ್ಡ ಸೀನು ನಡೆಯುವಾಗ ಅದು ನಿಂತಿದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ನೋಡಿಕೊಳ್ಳಬೇಕಾದವನು ಟೀ ಕುಡಿಯಲು ಹೋಗಿದ್ದ.

ಶಕುನಿ ಪಾತ್ರ ಮಾಡಿದ್ದವರು ಊರಿನ ಹಿರಿಯರು. ಆ ನಾಟಕವಾದ ಕೆಲವು ತಿಂಗಳಿಗೆ ತೀರಿಕೊಂಡರು. ತಿಥಿ ಮುಗಿದ ಮೇಲೆ ಅವರ ಮಗಳು ಫೋನ್ ಹಿಡಿದು ಬಂದರು. ನಮ್ಮ ಹತ್ತಿರ ಇದ್ದದ್ದು ಚೌಕ ಬಿದ್ದ ಪ್ರತಿ ಒಂದೇ. ಅವರು ಪೂರ್ತಿ ನೋಡಿ, "ಏನ್ರಪ್ಪಾ, ನಮ್ಮಪ್ಪನ ಮುಖದ ಮೇಲೆ ಇದೇನು ಚೌಕ? ತೆಗೆಯೋಕೆ ಬರಲ್ವಾ?" ಎಂದು ಕೇಳಿದರು. ತೆಗೆಯೋಕೆ ಬರಲ್ಲ ಅಂತ ಹೇಳುವುದು ಕಷ್ಟವಾಯಿತು. ಆ ಗೆರೆಯ ಹಿಂದೆ ಇದ್ದ ಚಿತ್ರ ರೆಕಾರ್ಡ್ ಆಗಿಯೇ ಇಲ್ಲ.

ಕ್ಯಾಮೆರಾ ಕೆಟ್ಟಿತ್ತೇ? ಇಲ್ಲ. ಅದನ್ನು ಮಾಡಿದ್ದೇ ಹಾಗೆ. ಯಾಕೆ ಹಾಗೆ ಮಾಡಿದರು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು.

ಹಳೆಯ ಮದುವೆ ಕ್ಯಾಸೆಟ್ ನೆನಪಿದೆಯೇ? ಧಾರೆ ಎರೆಯುವ ಹೊತ್ತಿಗೆ ಮೂಲೆಯಲ್ಲಿ ತಾರೀಖು, ಗಂಟೆ ಮೂಡಿರುತ್ತಿತ್ತು. ಎಷ್ಟೋ ಸಲ ಅದೂ ತಪ್ಪು ತಾರೀಖು. ಅದು ಕ್ಯಾಮೆರಾದವನು ಒತ್ತಿದ ಒಂದು ಬಟನ್ನಿನ ಫಲ. ಆದರೆ ಆ ಕಾಲದ ಹ್ಯಾಂಡಿಕ್ಯಾಮ್ ಮಾಡಿದವರಿಗೆ ಒಂದು ವಿಷಯ ಗೊತ್ತಿತ್ತು: ಕ್ಯಾಮೆರಾ ಹಿಡಿದವನು ನೋಡಬೇಕಾದ್ದು ಬೇರೆ, ಹೊರಗೆ ಹೋಗಬೇಕಾದ್ದು ಬೇರೆ. ಅದಕ್ಕೇ ಮೆನುವಿನಲ್ಲಿ ಗುರುತುಗಳು ಕ್ಯಾಮೆರಾದ ಪರದೆಗೆ ಮಾತ್ರವೋ, ಟಿವಿಗೆ ಹೋಗುವ ವೈರಿಗೂ ಬೇಕೋ ಎಂದು ಕೇಳುವ ಒಂದು ಸಾಲು ಇರುತ್ತಿತ್ತು. 1995ರಲ್ಲಿ ಮಿನಿ ಡಿವಿ ಟೇಪು ಬಂತು. ಅದರ ಜೊತೆ ಬಂದ ಫೈರ್‌ವೈರ್ ಎಂಬ ವೈರು ಟೇಪಿನಲ್ಲಿದ್ದ ಚಿತ್ರದ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಸಾಗಿಸುತ್ತಿತ್ತು. ಬ್ಯಾಟರಿ ಚಿತ್ರ ಅದರಲ್ಲಿ ಸೇರಲು ದಾರಿಯೇ ಇರಲಿಲ್ಲ. ಅಂದರೆ ನಮ್ಮನ್ನು ಕಾಡಿದ ಸಮಸ್ಯೆ ಆಗಲೇ ಬಗೆಹರಿದಿತ್ತು. ಆಮೇಲೆ ಅದು ಮತ್ತೆ ಹುಟ್ಟಿಕೊಂಡಿತು.

ಎಚ್‌ಡಿಎಂಐ ಬಂದದ್ದು 2002ರ ಡಿಸೆಂಬರಿನಲ್ಲಿ. ಹಿಟಾಚಿ, ಪ್ಯಾನಸೋನಿಕ್, ಫಿಲಿಪ್ಸ್, ಸೋನಿ, ತೋಷಿಬಾ, ಥಾಮ್ಸನ್, ಸಿಲಿಕಾನ್ ಇಮೇಜ್ ಸೇರಿ ಮಾಡಿದ ವ್ಯವಸ್ಥೆ ಇದು. ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಚಿತ್ರ ಮತ್ತು ಧ್ವನಿ ಒಂದೇ ವೈರಿನಲ್ಲಿ ಹೋಗಲಿ ಎಂಬುದು ಉದ್ದೇಶ. ಸಿನಿಮಾ ಕಂಪನಿಗಳಿಗೆ ಕಳ್ಳ ಪ್ರತಿಯ ಹೆದರಿಕೆ. ಹಾಗಾಗಿ ಇಂಟೆಲ್ ಕಂಪನಿ ರೂಪಿಸಿದ ಎಚ್‌ಡಿಸಿಪಿ ಎಂಬ ಬೀಗವೂ ಈ ವೈರಿಗೆ ಹೊಂದಿಕೊಂಡಿತು. ನೋಡು, ಆದರೆ ರೆಕಾರ್ಡ್ ಮಾಡಬೇಡ ಎನ್ನುವ ಬೀಗ. ನಾವೇ ತೆಗೆಯುವ ದೃಶ್ಯಕ್ಕೆ ಸಾಮಾನ್ಯವಾಗಿ ಕ್ಯಾಮೆರಾ ಈ ಬೀಗ ಹಾಕುವುದಿಲ್ಲ. ಆದರೂ ಹುಟ್ಟಿನಿಂದಲೇ ಇದು ನೋಡುವ ವೈರು, ಬರೆದಿಡುವ ವೈರಲ್ಲ ಎಂಬುದು ನೆನಪಿರಲಿ.

ಫೋಟೊ ಕ್ಯಾಮೆರಾಗಳಿಗೂ ಈ ತೂತು ಬಂತು. ತೆಗೆದ ಫೋಟೊಗಳನ್ನು ಮನೆಯವರೆಲ್ಲ ಟಿವಿಯಲ್ಲಿ ನೋಡಲಿ ಅಂತ. ಆ ಕೆಲಸಕ್ಕೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಏನಿದೆಯೋ ಅದನ್ನೇ ಟಿವಿಗೂ ಕಳಿಸಿದರೆ ಸಾಕು. ನಮ್ಮ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದರೆ ಹಿಂದಿನ ನರಸಿಂಹ ಪಶ್ಚಿಮಕ್ಕೆ. ಹಿಂದೆ ಇಟ್ಟ ಕನ್ನಡಿಯಲ್ಲಿ ನಾವು ನರಸಿಂಹನನ್ನು ನೋಡುತ್ತೇವೆ. ಆ ಗಾಜಿನ ಮೇಲೆ ಯಾರಾದರೂ ಕುಂಕುಮದ ಬೆರಳು ಒತ್ತಿದರೆ ಅದೂ ಮೂರ್ತಿಯ ಜೊತೆಗೇ ಕಾಣುತ್ತದೆ. ಫೋಟೊ ಕ್ಯಾಮೆರಾದ ಎಚ್‌ಡಿಎಂಐ ಇಂಥ ಕನ್ನಡಿ.

2008 ಬಂತು. ಆ ವರ್ಷ ಆಗಸ್ಟಿನಲ್ಲಿ ನಿಕಾನ್ ಡಿ90, ಸೆಪ್ಟೆಂಬರಿನಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಪ್ರಕಟವಾದವು. ಫೋಟೊ ಕ್ಯಾಮೆರಾದಲ್ಲೇ ವಿಡಿಯೊ! ದೊಡ್ಡ ಸೆನ್ಸರ್, ಹಿಂದೆ ಮಸುಕಾಗುವ ಹಿನ್ನೆಲೆ, ಕತ್ತಲಲ್ಲೂ ಚೆನ್ನಾದ ಚಿತ್ರ. ಸಿನಿಮಾದಂಥ ನೋಟ ಮದುವೆ ಮನೆಗೆ ಬಂದದ್ದು ಈ ಬಗೆಯ ಕ್ಯಾಮೆರಾಗಳಿಂದ. ಹ್ಯಾಂಡಿಕ್ಯಾಮ್‌ಗಳು ಬೀರುವಿಗೆ ಸೇರಿದವು, ಅವುಗಳ ಜೊತೆ ಆ ಮೆನುವಿನ ಸಾಲೂ ಸೇರಿತು. ಫೋಟೊ ಕ್ಯಾಮೆರಾ ಮಾಡಿದವರು ಹೊರಗೆ ರೆಕಾರ್ಡ್ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. 5ಡಿ ಮಾರ್ಕ್ 2ರಲ್ಲಿ ರೆಕಾರ್ಡಿಂಗ್ ಒತ್ತಿದೊಡನೆ ಎಚ್‌ಡಿಎಂಐನಲ್ಲಿ ಹೋಗುವ ಚಿತ್ರ ಹಳೆಯ ಟಿವಿಯ ಮಟ್ಟಕ್ಕೆ ಇಳಿಯುತ್ತಿತ್ತು.

ಜನ ಸುಮ್ಮನೆ ಕೂರಲಿಲ್ಲ. 2009ರಲ್ಲಿ ಟ್ರ್ಯಾಮೆಲ್ ಹಡ್ಸನ್ ಎಂಬಾತ ಅದೇ ಕ್ಯಾಮೆರಾಕ್ಕೆ ಮ್ಯಾಜಿಕ್ ಲ್ಯಾಂಟರ್ನ್ ಎಂಬ ತಂತ್ರಾಂಶ ಬರೆದ. ಮೆಮೊರಿ ಕಾರ್ಡಿಗೆ ಹಾಕಿಕೊಂಡರೆ ಕ್ಯಾಮೆರಾ ಅದನ್ನು ಓದಿಕೊಂಡು, ಕಂಪನಿ ಕೊಡದೇ ಇದ್ದ ಕೆಲಸಗಳನ್ನು ಮಾಡುತ್ತಿತ್ತು. ಮೊದಲು ಧ್ವನಿಯ ಮಟ್ಟ ತೋರಿಸುವ ಪಟ್ಟಿ, ಬರಬರುತ್ತಾ ಪರದೆಯ ಗುರುತುಗಳನ್ನು ಒರೆಸುವ ಸೌಲಭ್ಯವೂ ಬಂತು. ಅಲ್ಲಿಗೆ ಒಂದು ಗುಟ್ಟು ಬಯಲಾಯಿತು. ಎಷ್ಟೋ ಕೆಲಸಕ್ಕೆ ಹೊಸ ಯಂತ್ರವೇ ಬೇಕಾಗಿರಲಿಲ್ಲ, ಬರೆದ ಪ್ರೋಗ್ರಾಂ ಬದಲಾದರೆ ಸಾಕಿತ್ತು.

ಅದೇ ಹೊತ್ತಿಗೆ ಹೊರಗಿನ ರೆಕಾರ್ಡರ್‌ಗಳೂ ಕೈಗೆಟುಕುವ ಬೆಲೆಗೆ ಇಳಿಯುತ್ತಿದ್ದವು. ಆಸ್ಟ್ರೇಲಿಯಾದ ಆಟೊಮೋಸ್ ಕಂಪನಿ 2010ರಲ್ಲಿ ಶುರುವಾಯಿತು. ಅವರ ನಿಂಜಾ ಎಂಬ ಪೆಟ್ಟಿಗೆ ಎಚ್‌ಡಿಎಂಐನಿಂದ ಬಂದ ಚಿತ್ರವನ್ನು ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿಗೇ ನೇರ ಬರೆಯುತ್ತಿತ್ತು. ಪೆಟ್ಟಿಗೆ ಸಿಕ್ಕಿತು, ಅದಕ್ಕೆ ಕೊಡಲು ಚೊಕ್ಕ ಚಿತ್ರ ಸಿಗಬೇಕಲ್ಲ. 2012ರಲ್ಲಿ ಬಂದ ನಿಕಾನ್ ಡಿ4 ಮತ್ತು ಡಿ800 ಗುರುತಿಲ್ಲದ ಪೂರ್ಣ ಚಿತ್ರವನ್ನು ಎಚ್‌ಡಿಎಂಐನಲ್ಲಿ ಕೊಟ್ಟವು. ಅದೇ ವರ್ಷದ ಕ್ಯಾನನ್ 5ಡಿ ಮಾರ್ಕ್ 3ರಲ್ಲಿ ಇದು ಇರಲಿಲ್ಲ. ಮುಂದೆ ಕೊಡುತ್ತೇವೆ ಎಂದು ಕಂಪನಿ ಪ್ರಕಟಿಸಿತು, 2013ರ ಏಪ್ರಿಲ್ ಕೊನೆಯಲ್ಲಿ ಫರ್ಮ್‌ವೇರ್ ಮೂಲಕ ಕೊಟ್ಟಿತು. ಕ್ಯಾಮೆರಾ ಅದೇ, ತೂತೂ ಅದೇ. ಇದಕ್ಕೇ 'ಕ್ಲೀನ್ ಎಚ್‌ಡಿಎಂಐ' ಎಂಬ ಹೆಸರು ನಿಂತಿತು. 2014ರ ಸೋನಿ ಎ7ಎಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ 4ಕೆ ವಿಡಿಯೊ ಬೇಕೆಂದರೆ ಹೊರಗಿನ ರೆಕಾರ್ಡರ್‌ನಲ್ಲಿ ಮಾತ್ರ, ಒಳಗಿನ ಕಾರ್ಡಿಗೆ ಬರೆಯುತ್ತಲೇ ಇರಲಿಲ್ಲ. ನೋಡುವುದಕ್ಕೆ ಕೊಟ್ಟ ಕಿಟಕಿ ಹನ್ನೆರಡು ವರ್ಷದಲ್ಲಿ ಮನೆಯ ಮುಂಬಾಗಿಲಾಯಿತು.

ಇಷ್ಟೆಲ್ಲ ಯಾಕೆ, ಕಾರ್ಡಿಗೇ ರೆಕಾರ್ಡ್ ಮಾಡಿದರೆ ಆಗದೇ ಎಂದು ಕೇಳಬಹುದು. ಒಂದು ಲೆಕ್ಕ ನೋಡಿ. ಫುಲ್ ಎಚ್‌ಡಿ ಚಿತ್ರ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ, ಒಟ್ಟು ಸುಮಾರು 20 ಲಕ್ಷ. ಸೆಕೆಂಡಿಗೆ 25 ಚಿತ್ರ. ಎಚ್‌ಡಿಎಂಐನಲ್ಲಿ ಇದು ಹಿಂಡದೆ ಹರಿದರೆ ಸೆಕೆಂಡಿಗೆ ಸುಮಾರು 104 ಎಂಬಿ ಆಗುತ್ತದೆ, ಗಂಟೆಗೆ 370 ಜಿಬಿ ಮೀರುತ್ತದೆ. ಸೆಕೆಂಡಿಗೆ 24 ಮೆಗಾಬಿಟ್‌ನಂತೆ ಕಾರ್ಡಿಗೆ ಬರೆಯುವ ಕ್ಯಾಮೆರಾ ಅದೇ ಒಂದು ಗಂಟೆಯನ್ನು 11 ಜಿಬಿಗೆ ಹಿಂಡುತ್ತದೆ. ಹಿಂಡುವಾಗ ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಉಳಿಸಿಕೊಳ್ಳುತ್ತದೆ. ಕ್ಲೀನ್ ಎಚ್‌ಡಿಎಂಐನಲ್ಲಿ ಸಾಮಾನ್ಯವಾಗಿ ಎರಡು ಚುಕ್ಕೆಗೆ ಒಂದು ಸಿಗುತ್ತದೆ. ಹಗಲಿನ ಮದುವೆಗೆ ಈ ವ್ಯತ್ಯಾಸ ಅಷ್ಟಾಗಿ ಕಾಣದು. ನಮ್ಮ ನಾಟಕದಂಥ ಕಡೆ ಕಾಣುತ್ತದೆ: ಕೆಂಪು ಲೈಟು, ಹೊಗೆ, ಹಿಂದೆ ಕಪ್ಪು, ಕಿರೀಟದ ಮಿಂಚು. ಹೊಗೆಯಲ್ಲಿ ಚೌಕಚೌಕವಾದ ಕಲೆಗಳು ಏಳುತ್ತವೆ, ಕೆಂಪು ರೇಷ್ಮೆಯ ಅಂಚು ಕಲಸಿಹೋಗುತ್ತದೆ.

ಇನ್ನು ಅರ್ಧ ಗಂಟೆಗೆ ನಿಲ್ಲುವ ವಿಷಯ. ಇದರ ಬೇರು ಇರುವುದು ಯುರೋಪಿನ ಸುಂಕದ ಕಟ್ಟೆಯಲ್ಲಿ. 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ರೆಕಾರ್ಡ್ ಮಾಡಬಲ್ಲ ಕ್ಯಾಮೆರಾವನ್ನು ಅಲ್ಲಿ ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಾಕಿ ಸುಂಕ ಹಾಕುತ್ತಿದ್ದರು, ಫೋಟೊ ಕ್ಯಾಮೆರಾಗೆ ಆ ಸುಂಕ ಇರಲಿಲ್ಲ. ಕಂಪನಿಗಳು 29 ನಿಮಿಷ 59 ಸೆಕೆಂಡಿಗೆ ನಿಲ್ಲಿಸುವಂತೆ ಮಾಡಿದವು. ಎಲ್ಲೋ ಯುರೋಪಿನ ಬಂದರಿನಲ್ಲಿ ಉಳಿದ ಸುಂಕಕ್ಕೆ ರಾಜಘಟ್ಟದ ಶಕುನಿ ಸೀನು ಹೋಯಿತು! ಮುಂದೆ ವಿಶ್ವ ವ್ಯಾಪಾರ ಸಂಸ್ಥೆಯ 2015ರ ಒಪ್ಪಂದದಡಿ ಆ ಸುಂಕವನ್ನು ಹಂತಹಂತವಾಗಿ ತೆಗೆದರು. ಈಚಿನ ಎಷ್ಟೋ ಕ್ಯಾಮೆರಾಗಳಲ್ಲಿ ಈ ಮಿತಿ ಇಲ್ಲ. ಆದರೆ ಹಳ್ಳಿಯಲ್ಲಿ ನಮ್ಮ ಕೈಗೆ ಬರುವುದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಳು, ಅವುಗಳಲ್ಲಿ ಮಿತಿ ಹಾಗೇ ಇದೆ. ಹೊರಗಿನ ರೆಕಾರ್ಡರ್‌ಗೆ ಅದು ತಟ್ಟುವುದಿಲ್ಲ. ಕ್ಯಾಮೆರಾ ಬರೀ ಚಿತ್ರ ಕಳಿಸುತ್ತಿರುತ್ತದೆ, ಬರೆಯುವವನು ಬೇರೆ. ಒಂಬತ್ತು ಗಂಟೆ ನಾಟಕಕ್ಕೆ ಈ ತೂತು ಬೇಕಾಗುವುದು ಮುಖ್ಯವಾಗಿ ಇದಕ್ಕೆ.

ಈ ಗುರುತುಗಳನ್ನು ನೀವೂ ನೋಡಿದ್ದೀರಿ. ಕಲ್ಯಾಣ ಮಂಟಪದ ಎಲ್‌ಇಡಿ ಪರದೆಯಲ್ಲಿ ಹೆಣ್ಣು ಗಂಡಿನ ಮುಖದ ಮೇಲೆ ಚೌಕ ಕುಣಿಯುತ್ತಿರುತ್ತದಲ್ಲ, ಅದೇ ಇದು. 2020ರ ಲಾಕ್‌ಡೌನಿನಲ್ಲಿ ಮದುವೆ, ತಿಥಿ ಎಲ್ಲ ಯೂಟ್ಯೂಬ್ ಲೈವ್ ಆದಾಗ ಬೆರಳಿನಷ್ಟು ಸಣ್ಣ ಯುಎಸ್‌ಬಿ ಕ್ಯಾಪ್ಚರ್ ಕಾರ್ಡುಗಳು ಅಗ್ಗಕ್ಕೆ ಬಂದವು. ಡಬ್ಬಿಯ ಮೇಲೆ 4ಕೆ ಎಂದು ಬರೆದಿದ್ದರೂ ಅಂಥ ಹಲವು ಕಾರ್ಡುಗಳು ಕಂಪ್ಯೂಟರಿಗೆ ಕೊಡುವುದು ಹೆಚ್ಚೆಂದರೆ ಫುಲ್ ಎಚ್‌ಡಿ. ಲೈವ್‌ಗೆ ಅಷ್ಟು ಸಾಕು, ದೂರುವುದು ಬೇಡ.

ಎಲ್ಲ ಗುರುತೂ ಕೆಟ್ಟದ್ದು ಅಂತಲ್ಲ. ರಾಜಘಟ್ಟದಲ್ಲೇ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್. ಕೃಷ್ಣಮೂರ್ತಿಯವರ ತಂಡ ಅಗೆದಾಗ ಬೌದ್ಧ ಚೈತ್ಯ, ವಿಹಾರದ ಕುರುಹುಗಳೂ ಮಣ್ಣಿನ ಪುಟ್ಟ ಸ್ತೂಪಗಳೂ ಸಿಕ್ಕಿದವು. ಇಂಥ ಉತ್ಖನನದ ಫೋಟೊಗಳಲ್ಲಿ ವಸ್ತುವಿನ ಪಕ್ಕ ಅಳತೆ ಪಟ್ಟಿ ಇಡುವುದು ವಾಡಿಕೆ. ಬೇಕೆಂದೇ ಇಟ್ಟದ್ದು ಅದು. ನಮ್ಮ ವಿಡಿಯೊದ ಚೌಕ ಯಾರೂ ಬೇಕೆಂದು ಇಟ್ಟದ್ದಲ್ಲ.

ಈಗ ಕ್ಯಾಮೆರಾ ಬಾಡಿಗೆಗೆ ತರುವ ಮೊದಲು ನಾವು ಮನೆಯ ಟಿವಿಗೆ ಸಿಕ್ಕಿಸಿ ನೋಡುತ್ತೇವೆ. ಮೆನುವಿನಲ್ಲಿ 'ಎಚ್‌ಡಿಎಂಐ ಇನ್ಫೋ ಡಿಸ್‌ಪ್ಲೇ' ಅಥವಾ ಅದನ್ನು ಹೋಲುವ ಸಾಲು ಹುಡುಕಿ ಆಫ್ ಮಾಡುತ್ತೇವೆ. ಅಷ್ಟಾದ ಮೇಲೂ ಬಟನ್ ಅರ್ಧ ಒತ್ತಿ ಫೋಕಸ್ ಮಾಡಿ ನೋಡಬೇಕು, ಕೆಲವು ಕ್ಯಾಮೆರಾಗಳಲ್ಲಿ ಅಂಕಿಗಳು ಹೋಗಿ ಚೌಕ ಮಾತ್ರ ಉಳಿಯುತ್ತದೆ. ಅಂಥದ್ದರಲ್ಲಿ ಫೋಕಸ್ ಕೈಯಿಂದಲೇ ತಿರುಗಿಸುವಂತೆ ಇಟ್ಟರೆ ಕೆಲವೊಮ್ಮೆ ಚೌಕ ಹೋಗುತ್ತದೆ. ಆಮೇಲೆ ಮುಟ್ಟದೆ ಮುಕ್ಕಾಲು ಗಂಟೆ ಬಿಡುತ್ತೇವೆ, ತಾನಾಗಿಯೇ ಆಫ್ ಆಗುತ್ತದೋ ನೋಡಲು. ಆಟೊ ಪವರ್ ಆಫ್ ತೆಗೆಯುವುದನ್ನು ಮರೆತರೆ ಕ್ಲೀನ್ ಎಚ್‌ಡಿಎಂಐ ಇದ್ದೂ ಪ್ರಯೋಜನವಿಲ್ಲ. ರಾತ್ರಿಯಿಡೀ ನಡೆಯುವುದಕ್ಕೆ ಬ್ಯಾಟರಿ ಜಾಗಕ್ಕೆ ಕರೆಂಟಿನ ಡಮ್ಮಿ ಬ್ಯಾಟರಿ ಬೇಕು, ರೆಕಾರ್ಡರ್‌ಗೂ ಬೇರೆ ಕರೆಂಟು ಬೇಕು. ಮೈಕ್ರೊ ಎಚ್‌ಡಿಎಂಐ ತೂತು ಬಹಳ ಸೂಕ್ಷ್ಮ, ವೈರಿಗೆ ಯಾರಾದರೂ ಎಡವಿದರೆ ಮುರಿಯುವುದು ಕ್ಯಾಮೆರಾ. ಅದಕ್ಕೆ ವೈರನ್ನು ಸ್ಟ್ಯಾಂಡಿಗೆ ಸುತ್ತಿ ದಾರದಲ್ಲಿ ಕಟ್ಟುತ್ತೇವೆ.

ಎರಡನೇ ಸಲ ರಾಜಘಟ್ಟದಲ್ಲಿ ಕುರುಕ್ಷೇತ್ರ ಹಾಕಿದಾಗ ಹೀಗೆಲ್ಲ ಮಾಡಿದೆವು. ಬೆಳಿಗ್ಗೆ ಮಂಗಳ ಹಾಡುವ ತನಕ ರೆಕಾರ್ಡಿಂಗ್ ಒಮ್ಮೆಯೂ ನಿಲ್ಲಲಿಲ್ಲ. ಶಕುನಿ ಪಾತ್ರಕ್ಕೆ ಈ ಸಲ ಆ ಹಿರಿಯರ ಮಗ ನಿಂತಿದ್ದರು. ಅಕ್ಕನಿಗೆ ಎರಡೂ ವಿಡಿಯೊ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆವು. ತಮ್ಮನದ್ದು ಆಮೇಲೆ ನೋಡ್ತೀನಿ ಎಂದು ಬದಿಗಿಟ್ಟು, ಚೌಕ ಇರುವುದನ್ನೇ ಮೊದಲು ಹಾಕಿಸಿಕೊಂಡರು.