ಭೂಲೋಕಮಲ್ಲನ ಗಾಳ

ಕಳೆದ ಬೇಸಗೆಯಲ್ಲಿ, ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನು ಗಂಗಾವತಿಗೆ ಬಂದಿದ್ದನು. ಆರೆಗಾನ್ ಪ್ರಾಂತದ ಮೆಕೆಂಜಿ ಎಂಬ ನದಿಯಲ್ಲಿ ತಾನು ಒಂದು ಹಗಲು ಮೀನು ಹಿಡಿದ ಸಂಗತಿಯನ್ನು ಬಹು ಉತ್ಸಾಹದಿಂದ ಬಣ್ಣಿಸಿದನು. ಎರಡೂ ತುದಿ ಮೇಲಕ್ಕೆ ಬಾಗಿದ ಸಣ್ಣ ದೋಣಿ. ನಡುವೆ ಹುಟ್ಟು ಹಿಡಿದು ಕುಳಿತ ಅಂಬಿಗ. ಮುಂದೊಬ್ಬ, ಹಿಂದೊಬ್ಬ ಗಾಳಗಾರ. ಅಂಬಿಗನು ದೋಣಿಯನ್ನು ಮುಂದಕ್ಕೆ ಓಡಿಸುವುದಿಲ್ಲ. ಹೊಳೆಯೇ ಅದನ್ನು ಒಯ್ಯುತ್ತದೆ. ಅವನ ಹುಟ್ಟು ಇರುವುದು ಸೆಳವಿಗೆ ತಡೆಯೊಡ್ಡಿ ದೋಣಿಯನ್ನು ನಿಧಾನಗೊಳಿಸುವುದಕ್ಕೆ, ಬಂಡೆಯ ಮಗ್ಗುಲಿನಲ್ಲಿ ಅರೆಗಳಿಗೆ ನಿಲ್ಲಿಸುವುದಕ್ಕೆ. ಗರಿ, ನೂಲು, ರೋಮಗಳನ್ನು ಸುತ್ತಿ ಮಾಡಿದ ಹುಸಿನೊಣವನ್ನು ನೀರಿನ ಮೇಲೆ ತೇಲಬಿಟ್ಟರೆ ಟ್ರೌಟ್ ಎಂಬ ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ಹಿಡಿದದ್ದನ್ನು ನೋಡಿ, ನಲಿದು, ಮರಳಿ ಹೊಳೆಗೇ ಬಿಡುತ್ತಾರಂತೆ. ಇಷ್ಟು ಹೇಳಿ ಅವನು, "ಮಾಮಾ, ನಮ್ಮ ಕಡೆ ಇಂಥಾದ್ದು ಏನರ ಐತೇನು?" ಎಂದು ಕೇಳಿದನು.

ಟ್ರೌಟ್ ಇಲ್ಲವೆಂದೆ. ಅದು ತಣ್ಣೀರಿನ ಮೀನು; ನೀರಿನ ಉಷ್ಣತೆ ಇಪ್ಪತ್ತು ಡಿಗ್ರಿಯನ್ನು ದಾಟಿತೆಂದರೆ ಬಳಲತೊಡಗುತ್ತದೆ. ಆಂಗ್ಲರು ತಮ್ಮ ನಾಡಿನ ನೆನಪಿಗಾಗಿ ಅದನ್ನು ಕಾಶ್ಮೀರಕ್ಕೂ ನೀಲಗಿರಿಗೂ ತಂದು ಬಿಟ್ಟರು. ನೀಲಗಿರಿಯಲ್ಲಿ ಅದು ಬೇರೂರಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಕಲ್ಲೇ ಕಾಯ್ದು ಕೆಂಡವಾಗುವ ಕೊಪ್ಪಳ ಸೀಮೆಯಲ್ಲಿ ಅದು ಒಂದು ದಿನವೂ ಬದುಕದು. ಆದರೆ ಅವನ ಪ್ರಶ್ನೆ ಮೀನಿನ ತಳಿಯನ್ನು ಕುರಿತದ್ದಾಗಿರಲಿಲ್ಲ. ಗಾಳವನ್ನು ಹೊಟ್ಟೆಪಾಡಾಗಿ ಅಲ್ಲದೆ ವಿನೋದವಾಗಿ, ಒಂದು ಕಲೆಯಾಗಿ ನಮ್ಮವರು ಕಂಡಿದ್ದರೇ ಎಂಬುದು ಅವನ ಕುತೂಹಲ. ಆ ಪ್ರಶ್ನೆಗೆ ಉತ್ತರ ಎಂಟುನೂರ ತೊಂಬತ್ತು ವರ್ಷಗಳಷ್ಟು ಹಿಂದೆಯೇ ಸಿದ್ಧವಾಗಿತ್ತು. ಅದನ್ನು ಬರೆದವನು ಬೇರಾರೂ ಅಲ್ಲ, ಈ ಸೀಮೆಯನ್ನಾಳಿದ ದೊರೆಯೇ.

ಕಲ್ಯಾಣದ ಚಾಳುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಹೆಸರನ್ನು ಕೇಳದವರು ವಿರಳ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಅವನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವನ್ನು ಅಲ್ಲಿಯ ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಯಲಬುರ್ಗಾ ಆಗ ಎರಂಬರಗೆ. ಚಾಳುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಈ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರ. 1126ರ ಸುಮಾರಿಗೆ ಪಟ್ಟವೇರಿ 1138ರವರೆಗೆ ಆಳಿದನು. 'ಭೂಲೋಕಮಲ್ಲ' ಎಂಬುದು ಅವನ ಬಿರುದಾದರೂ ಯುದ್ಧಕ್ಕಿಂತ ವಿದ್ಯೆಯಲ್ಲಿ ಅವನಿಗೆ ಮನಸ್ಸು ಹೆಚ್ಚು. 'ಸರ್ವಜ್ಞ ಚಕ್ರವರ್ತಿ' ಎಂಬ ಇನ್ನೊಂದು ಬಿರುದೇ ಅವನಿಗೆ ಹೆಚ್ಚು ಒಪ್ಪುತ್ತದೆ.

ಅವನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ' ಸಂಸ್ಕೃತದಲ್ಲಿದೆ. ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳಿರುವ ಐದು ವಿಂಶತಿಗಳು. ರಾಜನೀತಿಯಿಂದ ಅಡುಗೆಯವರೆಗೆ, ಆನೆಯ ಚಿಕಿತ್ಸೆಯಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದರ ಮೊದಲ ಭಾಗ 1926ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಬಂದಿತು; ಬರೋಡೆಯ ಗಾಯಕವಾಡ ಮಾಲೆಯಲ್ಲಿಯೂ ಅದು ಅಚ್ಚಾಗಿದೆ. ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ ಇದರ ಹೆಸರು ಬರುತ್ತಿದ್ದುದು ಸಂಗೀತದ ಪ್ರಸಂಗದಲ್ಲಿ ಮಾತ್ರ. ನಾನೂ ಮೂವತ್ತು ವರ್ಷ ಹಾಗೆಯೇ ಪಾಠ ಹೇಳಿದೆ. ಅದರೊಳಗೊಂದು ಮೀನಿನ ಅಧ್ಯಾಯವಿದೆಯೆಂದು ವಿದ್ಯಾರ್ಥಿಗಳಿಗೆ ಒಮ್ಮೆಯೂ ಹೇಳಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಆ ಅಧ್ಯಾಯದ ಹೆಸರು 'ಮತ್ಸ್ಯವಿನೋದ'. ಮಲ್ಲಯುದ್ಧ, ಟಗರಿನ ಕಾಳಗ, ಡೇಗೆಯ ಬೇಟೆಗಳ ಸಾಲಿನಲ್ಲಿ ಗಾಳ ಹಾಕುವುದನ್ನೂ ಅರಸನು ರಾಜಯೋಗ್ಯವಾದ ವಿನೋದವೆಂದು ಎಣಿಸಿದ್ದಾನೆ. ಮೂವತ್ತೈದು ಬಗೆಯ ಮೀನುಗಳು ಅಲ್ಲಿವೆ. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು ಯಾವುವು, ಸಣ್ಣವು ಯಾವುವು ಎಂಬ ವಿಂಗಡಣೆಯಿದೆ. ಯಾವ ಮೀನಿಗೆ ಯಾವ ಮೇವು ಇಷ್ಟವೆಂಬುದು ಬೇರೆ ಬೇರೆಯಾಗಿ ಹೇಳಿದೆ. ಹುರಿದ ಕಡಲೆಯ ಹಿಟ್ಟನ್ನು ಅನ್ನದೊಡನೆ ನಾದಿ ಉಂಡೆ ಕಟ್ಟುವುದು, ಎಳ್ಳಿನ ಹಿಂಡಿಯ ಉಂಡೆ, ಮಾಂಸದ ತುಣುಕು, ಹೀಗೆ. ಇದ್ದಕ್ಕಿದ್ದಂತೆ ಹೋಗಿ ಗಾಳ ಎಸೆಯುವ ಕ್ರಮ ಅದಲ್ಲ. ಗೊತ್ತಾದ ಸ್ಥಳದಲ್ಲಿ ಮೊದಲು ಮೇವು ಹಾಕಿಸಿ, ಮೀನನ್ನು ಆ ಮಡುವಿಗೆ ಒಗ್ಗಿಸಿ, ಆಮೇಲೆ ಅರಸನು ಬಂದು ಕೂಡಬೇಕು. ಹಗ್ಗಕ್ಕೆ ಎಂಥ ನಾರು, ಕೋಲು ಹೇಗಿರಬೇಕು, ಬೆಂಡು ಅಲುಗಿದರೆ ಏನರ್ಥ, ಯಾವಾಗ ಸೆಳೆಯಬೇಕು ಎಂಬುದೆಲ್ಲ ಇದೆ. ಕಚ್ಚಿದ ದೊಡ್ಡ ಮೀನನ್ನು ಒಮ್ಮೆಲೇ ಎಳೆದರೆ ಹಗ್ಗ ಹರಿದೀತು. ಸಡಿಲಿಸಿ, ಮತ್ತೆ ಬಿಗಿದು, ದಣಿಸಿ ದಡಕ್ಕೆ ತರಬೇಕು.

ಇಂಗ್ಲಿಷ್ ಭಾಷೆಯಲ್ಲಿ ಗಾಳವನ್ನು ಕುರಿತ ಮೊದಲ ಅಚ್ಚಿನ ಪ್ರಬಂಧ ಹೊರಬಂದದ್ದು 1496ರಲ್ಲಿ. ಜಗತ್ಪ್ರಸಿದ್ಧನಾದ ಐಸಾಕ್ ವಾಲ್ಟನ್ನನ ಗ್ರಂಥ 1653ರದು. ಗ್ರೀಕಿನಲ್ಲಿ ಬರೆದ ಈಲಿಯನ್ ಎಂಬವನು ಕ್ರಿ.ಶ. 200ರ ಆಸುಪಾಸಿನಲ್ಲಿಯೇ ಮಕೆಡೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಸಿನೊಣ ಮಾಡುತ್ತಿದ್ದರೆಂದು ಹೇಳಿರುವುದರಿಂದ ಹಿರಿತನದ ಕಿರೀಟವನ್ನು ನಾವು ತೊಡಬೇಕಾಗಿಲ್ಲ. ಆದರೆ ಮೀನಿನ ತಳಿ, ನೆಲೆ, ಮೇವು, ಉಪಕರಣ, ಕೈಚಳಕಗಳನ್ನು ಒಂದೇ ಕಡೆ ಕ್ರಮವಾಗಿ ಹೇಳಿದವರಲ್ಲಿ ಸೋಮೇಶ್ವರನ ಸ್ಥಾನ ಹಿರಿದು. ಈ ಅಧ್ಯಾಯದ ಬೆಲೆಯನ್ನು ಮೊದಲು ಗುರುತಿಸಿದವರು ಸಾಹಿತ್ಯದ ನಾವಲ್ಲ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಕುರಿತು ಬರೆದರು.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಈ ವಿದ್ಯೆ ಅರಸನಿಗೆ ಎಲ್ಲಿಂದ ಬಂತು? ಶಾಸ್ತ್ರಗ್ರಂಥಗಳಿಂದ ಅಲ್ಲ. ಕಡಲ ಮೀನುಗಳ ಪಟ್ಟಿಯಲ್ಲಿ 'ಸೋರ' ಎಂಬ ಹೆಸರಿದೆ. ತಮಿಳರು ಇಂದಿಗೂ ಶಾರ್ಕ್ ಮೀನನ್ನು 'ಸುರ' ಎನ್ನುತ್ತಾರೆ. ಇದು ಪಂಡಿತನ ಬಾಯಿಂದ ಹುಟ್ಟಿದ ಮಾತಲ್ಲ. ಮೀನು ಹಿಡಿಯುವವನ ಬಾಯಿಂದ ಶ್ಲೋಕಕ್ಕೆ ಏರಿದ ಮಾತೆಂದು ನನ್ನ ಎಣಿಕೆ. ಮೇವು ಹಾಕಿ ಮಡುವನ್ನು ಪಳಗಿಸಿದವನು, ದೊರೆಯ ಮಗ್ಗುಲಲ್ಲಿ ನಿಂತು "ಈಗ ಸೆಳೆಯಿರಿ" ಎಂದವನು ಒಬ್ಬ ಅಂಬಿಗನೋ ಬೆಸ್ತನೋ ಇರಲೇಬೇಕು. ಅವನ ಹೆಸರು ಗ್ರಂಥದಲ್ಲಿಲ್ಲ. ಅರಸನಿಗೆ 'ಸರ್ವಜ್ಞ' ಎಂಬ ಬಿರುದಿದೆ.

ಹಾಗೆಂದು ಈ ನಾಡೆಲ್ಲ ಗಾಳವನ್ನು ಕೊಂಡಾಡುತ್ತಿತ್ತೆಂದು ತಿಳಿಯಬಾರದು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯೊಳಗೆ ಎಣಿಸಿದ ಕೊಪಣ ಜೈನರ ಮಹಾತೀರ್ಥ. ಅಲ್ಲಿ ಮೀನಿನ ವಿನೋದವೆಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೂ ಹಿಂದೆ, ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಯಾವ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವೋ ಅದೇ ಅಶೋಕನು, ಉತ್ತರದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಡುತ್ತ ಸಂಕುಜಮಚ್ಛ ಮೊದಲಾದ ಮೀನುಗಳನ್ನೂ ಹೆಸರಿಸಿದ್ದಾನೆ. ಗೊತ್ತಾದ ಹುಣ್ಣಿಮೆ ಮುಂತಾದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಮಾರಲೂ ಕೂಡದೆಂದಿದ್ದಾನೆ. ಮೀನುಗಾರರಿಗೆ ಮೀಸಲಾದ ನೀರನ್ನು ಅವನು ಕರೆದದ್ದು 'ಕೇವಟಭೋಗ' ಎಂದು. ಹಿಡಿಯುವುದು, ಕಾಯುವುದು ಎರಡೂ ಇಲ್ಲಿ ಹಳೆಯ ಮಾತುಗಳೇ.

ಇನ್ನು ದೋಣಿಯ ಮಾತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಡೊಮಿಂಗೊ ಪಾಯೆಸ್, ಆನೆಗೊಂದಿಯಲ್ಲಿ ಹೊಳೆ ದಾಟಿಸುವ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿ ಹಿಡಿಸುತ್ತಾರೆ, ನೆಟ್ಟಗೆ ಹೋಗಲಾರದೆ ಸದಾ ಗಿರಗಿರನೆ ತಿರುಗುತ್ತವೆ. ಅವನ್ನೇ ನಾವು ಹರಿಗೋಲು ಎನ್ನುವುದು. ನನ್ನ ಬಾಲ್ಯದಲ್ಲಿ ಗಂಗಾವತಿಯಿಂದ ಹಂಪಿಯ ಜಾತ್ರೆಗೆ ಹೋಗುವಾಗ ಅಮ್ಮನ ಸೆರಗು ಹಿಡಿದು ಹರಿಗೋಲಿನಲ್ಲಿ ಕುಳಿತ ನೆನಪು ಇನ್ನೂ ಹಸಿಯಾಗಿದೆ. ತೊಗಲಿನ ಜಾಗದಲ್ಲಿ ಮುಂದೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿತು. 2009ರ ಜನವರಿಯಲ್ಲಿ ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ ಕುಸಿದು ಕೂಲಿಯ ಜನ ಸತ್ತ ಮೇಲೂ ಕೆಲವು ಕಾಲ ಈ ಬುಟ್ಟಿಯೇ ಜನರಿಗೆ ದಾರಿಯಾಗಿತ್ತು. ಈಗ ಅದು ಹೆಚ್ಚಾಗಿ ಕಾಣುವುದು ಸಾಣಾಪುರದ ಕೆರೆಯಲ್ಲಿ, ಪ್ರವಾಸಿಗರ ಮೋಜಿಗೆ.

ಗಾಳ ಮತ್ತು ಹರಿಗೋಲು ಒಂದುಗೂಡಿದ್ದು ಮಾತ್ರ ತುಂಗಭದ್ರೆಯಲ್ಲಲ್ಲ, ಕಾವೇರಿಯಲ್ಲಿ. ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ಕಾದಾಟದಲ್ಲಿ ನಮ್ಮ ಮಹಸೀರ್ ತಮ್ಮ ದೇಶದ ಸಾಲ್ಮನ್ನಿಗಿಂತ ಮಿಗಿಲೆಂದು ಸಾರಿದನು. ಕಾವೇರಿ ತೀರದವರು ಬಿಳಿಮೀನು ಎನ್ನುವುದು ಇದನ್ನೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಗುವ ಮೀನನ್ನು ಹಿಡಿದರು. ಮುಂದೆ 1970ರ ದಶಕದ ಕೊನೆಯಲ್ಲಿ ಮೂವರು ಆಂಗ್ಲ ತರುಣರು ಕಾವೇರಿಗೆ ಬಂದು ಈ ಮೀನು ಅಳಿದಿಲ್ಲವೆಂದು ತೋರಿಸಿದ ಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಬಿಡಾರಗಳು ಎದ್ದವು. ಅಲ್ಲಿ ದಾರಿ ತೋರಿದವರು ಹೊಳೆದಂಡೆಯ ಹಳ್ಳಿಗರು. ಅವರಲ್ಲಿ ಕೆಲವರು ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರು. ಹರಿಗೋಲಿನಲ್ಲಿ ಅತಿಥಿಯನ್ನು ಕೂರಿಸಿ ಮಡುವಿನಿಂದ ಮಡುವಿಗೆ ಒಯ್ಯುತ್ತಿದ್ದರು. ಕೊಕ್ಕೆಗೆ ಹಾಕುತ್ತಿದ್ದುದು ಬೇಯಿಸಿದ ರಾಗಿಯ ಮುದ್ದೆ! ಭೂಲೋಕಮಲ್ಲನ ಕಡಲೆಹಿಟ್ಟಿನ ಉಂಡೆಗೂ ಇದಕ್ಕೂ ಎಷ್ಟು ದೂರ? ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ನೀರಿಗೆ ಬಿಡುತ್ತಿದ್ದರು.

ವನ್ಯಜೀವಿ ಧಾಮದೊಳಗೆ ಗಾಳವೂ ಬೇಟೆಯೇ ಎಂಬ ಕಾನೂನಿನ ನಿಲುವಿನಿಂದ, 2010ರ ನಂತರದ ಒಂದೆರಡು ವರ್ಷಗಳಲ್ಲಿ ಆ ಗಾಳಗಳು ನಿಂತುಹೋದವು. ನಿಯಮ ತಪ್ಪೆಂದು ನಾನು ಹೇಳಲಾರೆ. ಆದರೆ ಕೇಳುಗರು ಒಂದು ಸಂಗತಿಯನ್ನು ಗಮನಿಸಬೇಕು. ಬಿಡಾರದವರು ಬರೆದಿಟ್ಟ ಆ ಲೆಕ್ಕದ ಪುಸ್ತಕಗಳಿಂದಲೇ, ಕಾವೇರಿಯ ಡುಬ್ಬದ ಬಿಳಿಮೀನು ಕ್ಷೀಣಿಸುತ್ತ ಬಂದುದು ವಿಜ್ಞಾನಿಗಳಿಗೆ ಗೊತ್ತಾಯಿತು. ಲೋಕಪ್ರಸಿದ್ಧವಾದ ಆ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ದೊರೆತದ್ದು 2018ರಲ್ಲಿ. ಅಳಿವಿನ ಅಂಚಿನಲ್ಲಿದೆಯೆಂಬ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಇನ್ನೊಂದು ವಿಪರ್ಯಾಸ: ಕಾವೇರಿಯಲ್ಲಿ ಅದರ ಜಾಗವನ್ನು ಆಕ್ರಮಿಸಿದ ನೀಲಿ ಈಜುರೆಕ್ಕೆಯ ಮಹಸೀರ್, ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿಮಾಡಿ ತಂದು ಬಿಟ್ಟದ್ದು. ಅದರ ಮೂಲ ನಮ್ಮ ಕೃಷ್ಣೆಯ ಕೊಳ್ಳ. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಅತಿಥಿ ಮನೆಯವನನ್ನೇ ಹೊರದೂಡಿತು.

ತುಂಗಭದ್ರೆಯ ಕಥೆಯೇನು? 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ತಡೆದ ಅಣೆಕಟ್ಟು ನಮ್ಮ ಹೊಲಗಳಿಗೆ ಬತ್ತವನ್ನು ಕೊಟ್ಟಿತು. ಗಂಗಾವತಿಗೆ ಬತ್ತದ ಕಣಜವೆಂಬ ಹೆಸರು ಬಂದದ್ದು ಅದರಿಂದ. ಅದರ ಅನ್ನ ಉಂಡು ಬೆಳೆದವನು ನಾನು. ಆದರೆ ಹೊಸನೀರಿಗೆ ಎದುರೇರಿ ಮೊಟ್ಟೆಯಿಡಲು ಹೋಗುವ ಮೀನಿಗೆ ಮುನಿರಾಬಾದಿನಲ್ಲಿ ಸಿಗುವುದು ಕಲ್ಲಿನ ಗೋಡೆ. ಇಂದು ನಮ್ಮ ಸಂತೆಯ ಬುಟ್ಟಿಗಳಲ್ಲಿ ತುಂಬಿರುವ ಕಾಟ್ಲಾ, ರೋಹುಗಳು ಗಂಗೆಯ ಸೀಮೆಯಿಂದ ಬಂದವು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತವೆಂದು ಸರ್ಕಾರ ಸಾರಿದೆ. ನೀರುನಾಯಿ ಬದುಕಬೇಕಾದರೆ ಮೀನು ಬದುಕಬೇಕು, ಸಿಡಿಮದ್ದು ನಿಲ್ಲಬೇಕು.

ಅಳಿಯನನ್ನು ಕರೆದುಕೊಂಡು ಆನೆಗೊಂದಿಗೆ ಹೋದೆ. ಹೊಳೆದಂಡೆಯಲ್ಲಿ ಮುದುಕನಾದ ಅಂಬಿಗನೊಬ್ಬನು ಬೋರಲು ಹಾಕಿದ ಹರಿಗೋಲಿನ ನೆರಳಿನಲ್ಲಿ ಕುಳಿತಿದ್ದನು. ಮತ್ಸ್ಯವಿನೋದದ ಸಾರವನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ. ಕಡಲೆಹಿಟ್ಟು, ಅನ್ನ ಎಂದಾಗ ತಲೆಯಾಡಿಸಿದನು.

"ಬರೇ ಅನ್ನ ಆದ್ರ ಹರಿಯೋ ನೀರಾಗ ನಿಲ್ಲಂಗಿಲ್ರಿ, ಸಾಹೇಬ್ರ. ಹಿಟ್ಟು ಕಲಸಿದ್ರ ಸೈ. ಯಾರು ಬರದದ್ದು ಇದು?"

"ಒಬ್ಬ ಅರಸ" ಎಂದೆ.

"ಅರಸ ಬರದಿರಬೇಕ್ರಿ. ಹೇಳಿದಾವ ನಮ್ಮಾವ" ಎಂದು ಅವನು ಬೀಡಿ ಹಚ್ಚಿದನು.