ಬೆನ್ನುಮೂಳೆ, ಮೆದುಳು ಮತ್ತು ಚಿಕಿತ್ಸೆಯ ಮಿತಿ

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ, ತಿರುಗಿಸಿ ಸರಿಪಡಿಸುವ ಕೈರೋಪ್ರಾಕ್ಟಿಕ್ ಚಿಕಿತ್ಸೆಯ ಪ್ರಚಾರ ಈಗ ನಮ್ಮಲ್ಲೂ ಇದೆ. ಇದರಿಂದ ಮೆದುಳು, ನರಮಂಡಲಗಳೂ ಚುರುಕಾಗುತ್ತವೆ ಎನ್ನಲಾಗುತ್ತದೆ. ಇದರಲ್ಲಿ ನಿಜವೆಷ್ಟು ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ.

1895ರಲ್ಲಿ ಅಮೆರಿಕದ ಡೆವನ್‌ಪೋರ್ಟ್ ನಗರದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬ ಚಿಕಿತ್ಸಕನಿದ್ದ. ಅದೇ ಕಟ್ಟಡದ ಸ್ವಚ್ಛತಾ ಕಾರ್ಮಿಕ, ಕರಿಯ ಜನಾಂಗದ ಹಾರ್ವೆ ಲಿಲ್ಲಾರ್ಡ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. ಆತನ ಬೆನ್ನಿನ ಮೂಳೆಯೊಂದನ್ನು ಒತ್ತಿ ಶ್ರವಣ ಶಕ್ತಿಯನ್ನು ಮರಳಿಸಿದೆನೆಂದು ಪಾಮರ್ ಹೇಳಿಕೊಂಡ. ಆದರೆ ಶ್ರವಣದ ನರವು ಕಿವಿಯಿಂದ ನೇರವಾಗಿ ಮೆದುಳಿಗೆ ಹೋಗುತ್ತದೆ. ಬೆನ್ನಿನ ಮೂಲಕ ಹಾದುಹೋಗುವುದಿಲ್ಲ. ಆದರೂ, ನೂರಕ್ಕೆ 95 ರೋಗಗಳಿಗೆ ಸ್ಥಾನ ತಪ್ಪಿದ ಬೆನ್ನೆಲುಬುಗಳೇ ಕಾರಣ ಎಂಬಲ್ಲಿಗೆ ಅವನ ವಾದ ಬೆಳೆಯಿತು.

ಬೆನ್ನಿಗೂ ನರಗಳಿಗೂ ಇರುವ ಸಂಬಂಧವು ಪಾಮರ್ ಕಂಡುಹಿಡಿದ ಸಂಗತಿಯೇನಲ್ಲ. ಎರಡನೆಯ ಶತಮಾನದಲ್ಲಿ ರೋಮ್‌ನ ವೈದ್ಯ ಗ್ಯಾಲನ್, ಬೆರಳುಗಳು ಮರಗಟ್ಟಿದ್ದ ರೋಗಿಯೊಬ್ಬನ ಬೆರಳಿಗಲ್ಲ, ಪೆಟ್ಟು ಬಿದ್ದಿದ್ದ ಕುತ್ತಿಗೆಯ ಬುಡಕ್ಕೆ ಚಿಕಿತ್ಸೆ ನೀಡಿದ್ದ. ಒಂಬತ್ತನೆಯ ಶತಮಾನದ ಬಗ್ದಾದ್‌ನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತು ಸಂಗಡಿಗರು ಗ್ಯಾಲನ್‌ನ ಗ್ರಂಥಗಳನ್ನು ಅರಬಿಗೆ ತಂದರು. ಈ ಅರಿವಿನ ಪರಂಪರೆಯಲ್ಲಿ ಬಂದವರು ಸ್ಪೇನ್‌ನ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ. ಮೂವತ್ತು ಭಾಗಗಳ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಅವರು, ಜಾರಿದ ಬೆನ್ನೆಲುಬನ್ನು ರೋಗಿಯ ದೇಹವನ್ನು ಎಳೆದು, ಒತ್ತಿ ಕೂರಿಸುವ ಕ್ರಮವನ್ನು ವಿವರಿಸಿದರು. ಜೊತೆಗೆ, ಯಾವ ರೋಗಿಯನ್ನು ಗುಣಪಡಿಸಲು ಸಾಧ್ಯವಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆದರು. 1465ರಲ್ಲಿ ಅನಾತೋಲಿಯದ ಶರಫುದ್ದೀನ್ ಸಾಬುಂಜುಓಗ್ಲು ಇಂಥ ಚಿಕಿತ್ಸೆಗಳನ್ನು ಚಿತ್ರಸಹಿತ ತುರ್ಕಿ ಭಾಷೆಯಲ್ಲಿ ದಾಖಲಿಸಿದರು.

ಪಾಮರ್‌ನ ವಿದ್ಯೆಯನ್ನು ವಿರೋಧಿಸಿದವರೂ ಅತಿರೇಕಕ್ಕೆ ಹೋದದ್ದುಂಟು. ಅಮೆರಿಕದ ವೈದ್ಯರ ಸಂಘವು ಕೈರೋಪ್ರಾಕ್ಟಿಕ್ ವೃತ್ತಿಯನ್ನೇ ಇಲ್ಲವಾಗಿಸಲು 1963ರಲ್ಲಿ ಸಮಿತಿಯೊಂದನ್ನು ರಚಿಸಿತು. ಈ ಬಹಿಷ್ಕಾರ ಕಾನೂನುಬಾಹಿರವೆಂದು 1987ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪು ವ್ಯಾಪಾರ ಸ್ಪರ್ಧೆಯ ಕಾನೂನಿಗೆ ಸಂಬಂಧಿಸಿದ್ದೇ ಹೊರತು, ಪಾಮರ್‌ನ ಸಿದ್ಧಾಂತಕ್ಕೆ ಸಿಕ್ಕ ಪ್ರಮಾಣಪತ್ರವಲ್ಲ.

ಇಂದಿನ ವಿಜ್ಞಾನ ಹೇಳುವುದೇನು? ದೀರ್ಘಕಾಲದ ಸೊಂಟನೋವಿಗೆ ಬೆನ್ನುಮೂಳೆಯ ಹಸ್ತಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಷರತ್ತಿನೊಂದಿಗೆ ಶಿಫಾರಸು ಮಾಡಿದೆ. ಕುತ್ತಿಗೆಯ ಹಸ್ತಚಿಕಿತ್ಸೆಯ ನಂತರ ಮೆದುಳಿನ ವಿದ್ಯುತ್ ಸ್ಪಂದನದಲ್ಲಿ ಬದಲಾವಣೆಯಾಗುವುದನ್ನು ಹೈಡಿ ಹಾವಿಕ್ ಮತ್ತು ಬರ್ನಡೆಟ್ ಮರ್ಫಿ 2007ರಲ್ಲಿ ಪ್ರಕಟಿಸಿದರು. ಅದು ಕೆಲವೇ ಜನರ ಮೇಲೆ ನಡೆಸಿದ ಪ್ರಯೋಗ. ಬದಲಾವಣೆ ಉಳಿದದ್ದು ಸುಮಾರು 20 ನಿಮಿಷ. ಅಳೆಯಬಹುದಾದ ಬದಲಾವಣೆ ಬೇರೆ, ರೋಗ ಗುಣವಾಗುವುದು ಬೇರೆ. ಮಗುವಿನ ಕಿವುಡು, ಅಪಸ್ಮಾರ, ಪಾರ್ಶ್ವವಾಯುಗಳು ಇದರಿಂದ ವಾಸಿಯಾಗುತ್ತವೆಂದು ನಂಬಿ ಸರಿಯಾದ ಚಿಕಿತ್ಸೆಯನ್ನು ಮುಂದೂಡುವ ಕುಟುಂಬವು ಅಮೂಲ್ಯ ಕಾಲವನ್ನು ಕಳೆದುಕೊಳ್ಳುತ್ತದೆ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದ ಬಳಿಕ ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಪಾರ್ಶ್ವವಾಯು ತಗಲಿದ ಪ್ರಕರಣಗಳೂ ದಾಖಲಾಗಿವೆ. ಅವು ಅಪರೂಪವಾದರೂ ಘೋರ.

ವೈದ್ಯವಿದ್ಯೆಯನ್ನರಿಯದೆ ಚಿಕಿತ್ಸೆ ನೀಡುವವನು ಅದರ ಹಾನಿಗೆ ಹೊಣೆಗಾರನಾಗುತ್ತಾನೆ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಅಝ್ಝಹ್ರಾವಿ ಈ ಹೊಣೆಯನ್ನು ಅರಿತಿದ್ದರು. ಎಲ್ಲವನ್ನೂ ಗುಣಪಡಿಸುತ್ತೇನೆ ಎನ್ನುವವನಿಗಿಂತ, ಇದು ನನ್ನಿಂದಾಗದು ಎನ್ನಬಲ್ಲವನೇ ರೋಗಿಯ ನಿಜವಾದ ಹಿತೈಷಿ.