ಅಣಬೆ ಕೋಣೆಯ ಗಾಳಿ ಸಂಚಾರ ಮತ್ತು ದುರ್ವಾಸನೆ ನಿಯಂತ್ರಣ: ಒಂದು ವಿಶ್ಲೇಷಣೆ

ಸಾರಾಂಶ

ಮುಚ್ಚಿದ ಕೋಣೆಯ ಅಣಬೆ ಬೇಸಾಯದಲ್ಲಿ ಗಾಳಿಯಾಡಿಸುವುದನ್ನೂ ವಾಸನೆ ಕಳೆಯುವುದನ್ನೂ ಒಂದೇ ಎಕ್ಸಾಸ್ಟ್ ಫ್ಯಾನಿಗೆ ವಹಿಸುವ ರೂಢಿಯಿದೆ. ಈ ಎರಡು ಕೆಲಸಗಳಿಗೆ ಬೇಕಾದ ಗಾಳಿಯ ಒತ್ತಡ ಒಂದಕ್ಕೊಂದು ವಿರುದ್ಧ. ಆದ್ದರಿಂದ ವಾಸನೆ ಹುಟ್ಟುವ ಜಾಗವನ್ನು ಬೆಳೆ ಕೋಣೆಯಿಂದ ಬೇರ್ಪಡಿಸುವುದೇ ಸರಿಯಾದ ಪರಿಹಾರವೆಂದು ಈ ಲೇಖನ ವಾದಿಸುತ್ತದೆ.

1. ಬೆಳೆಯ ಉಸಿರಾಟ

ಅಣಬೆ ಆಮ್ಲಜನಕ ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೀಜ ಬಿತ್ತಿದ ಚೀಲದಲ್ಲಿ ಬಿಳಿ ಕವಕಜಾಲ ಹಬ್ಬುವಾಗ ಈ ಅನಿಲ 10,000 ಪಿಪಿಎಂ ದಾಟಿದರೂ ತೊಂದರೆಯಿಲ್ಲ. ಮೊಗ್ಗು ಒಡೆಯುವ ಹಂತದಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಚಿಪ್ಪು ಅಣಬೆಗೆ ಆಗ ಸುಮಾರು 1,000 ಪಿಪಿಎಂಗಿಂತ ಕಡಿಮೆ ಇರಬೇಕು. ಹೆಚ್ಚಾದರೆ ತೊಟ್ಟು ಉದ್ದವಾಗಿ ಬೆಳೆದು, ಕೊಡೆ ಅಗಲವಾಗದೆ ಸಣ್ಣದಾಗಿಯೇ ಉಳಿಯುತ್ತದೆ. ಮಾಪಕವಿಲ್ಲದ ಬೆಳೆಗಾರರು ಈ ಆಕಾರವನ್ನು ನೋಡಿಯೇ ಗಾಳಿ ಸಾಲದೆಂದು ತಿಳಿಯಬಹುದು.

ಗಾಳಿ ಬದಲಾವಣೆಗೆ ಇನ್ನೊಂದು ಕಾರಣ ದುಡಿಯುವವರ ಆರೋಗ್ಯ. ಬಲಿತ ಚಿಪ್ಪು ಅಣಬೆ ಅಪಾರ ಬೀಜಕಣಗಳನ್ನು ಚೆಲ್ಲುತ್ತದೆ. ದಿನವೂ ಅವನ್ನು ಉಸಿರಾಡುವವರಿಗೆ ಶ್ವಾಸಕೋಶದ ಅಲರ್ಜಿ ಉರಿಯೂತ ಬರುವುದು ವೈದ್ಯಶಾಸ್ತ್ರದಲ್ಲಿ ದಾಖಲಾಗಿದೆ. ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಲು ಮಾಡುವುದು ಮತ್ತು ಕೊಯ್ಲಿನ ವೇಳೆ ಮುಖಗವಸು ಧರಿಸುವುದು ಅಗತ್ಯ.

2. ಗಾಳಿ ಮತ್ತು ತೇವದ ಲೆಕ್ಕ

10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾತ್ರ 1,000 ಘನ ಅಡಿ, ಅಂದರೆ ಸುಮಾರು 28 ಘನ ಮೀಟರ್. ಗಂಟೆಗೆ 5 ಬಾರಿ ಗಾಳಿ ಬದಲಾಯಿಸಿದರೆ ಸುಮಾರು 140 ಘನ ಮೀಟರ್ ಹೊರಗಾಳಿ ಒಳಬರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹೊರಗೆ 35 ಡಿಗ್ರಿ ಸೆಲ್ಸಿಯಸ್, ಶೇ. 30 ಸಾಪೇಕ್ಷ ಆರ್ದ್ರತೆ ಇದೆಯೆಂದು ಇಟ್ಟುಕೊಳ್ಳೋಣ. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ. ಕೋಣೆಯೊಳಗೆ 25 ಡಿಗ್ರಿ, ಶೇ. 85 ಬೇಕಾದರೆ ಅದು ಸುಮಾರು 20 ಗ್ರಾಂ ಆಗಬೇಕು. ಅಂದರೆ ಗಂಟೆಗೆ 1 ಲೀಟರಿಗೂ ಸ್ವಲ್ಪ ಹೆಚ್ಚು ನೀರು ಆವಿಯಾಗಬೇಕು. ಒದ್ದೆ ಗೋಣಿತಾಟಿನ ಮೂಲಕ ಗಾಳಿ ಎಳೆದರೆ ತೇವವೂ ತಂಪೂ ಒಟ್ಟಿಗೆ ದೊರೆಯುತ್ತವೆ.

ಕರಾವಳಿಯಲ್ಲಿ ಈ ಉಪಾಯ ನಡೆಯದು. ಹೊರಗೆ 33 ಡಿಗ್ರಿ, ಶೇ. 70 ಇದ್ದರೆ ಗಾಳಿಯಲ್ಲಿ ಈಗಾಗಲೇ ಘನ ಮೀಟರಿಗೆ 25 ಗ್ರಾಂ ನೀರಿರುತ್ತದೆ. ಒದ್ದೆ ಗೋಣಿತಾಟು ಅದನ್ನು ಸುಮಾರು 28 ಡಿಗ್ರಿಗಿಂತ ಕೆಳಗಿಳಿಸಲಾರದು. ಯಂತ್ರದಿಂದ 25 ಡಿಗ್ರಿಗೆ ಇಳಿಸಿದರೆ ಹೆಚ್ಚುವರಿ ನೀರು ಗೋಡೆ, ಚೀಲ, ಕೊಡೆಗಳ ಮೇಲೆ ಹನಿಯಾಗಿ ಕೂರುತ್ತದೆ. ಒಣಗದ ಕೊಡೆಯ ಮೇಲೆ ಬ್ಯಾಕ್ಟೀರಿಯಾದ ಕಂದು ಚುಕ್ಕೆ ರೋಗ ಹರಡುವುದು ಹೀಗೆಯೇ. ಚಿತ್ರದುರ್ಗದ ನಕ್ಷೆಯನ್ನು ಮಂಗಳೂರಿನಲ್ಲಿ ಯಥಾವತ್ತಾಗಿ ಬಳಸಲಾಗದು.

3. ವಾಸನೆಯ ಮೂಲ

ಆರೋಗ್ಯವಾದ ಬೆಳೆ ಕೋಣೆ ನಾರುವುದಿಲ್ಲ. ನಾತ ಬರುವುದು ಹುಲ್ಲು ಮತ್ತು ಗೊಬ್ಬರದ ಹಂತದಲ್ಲಿ. ಭತ್ತದ ಹುಲ್ಲನ್ನು ಹೆಚ್ಚು ಹೊತ್ತು ನೆನೆಸಿಟ್ಟರೆ ಆಮ್ಲಜನಕವಿಲ್ಲದೆ ಹುಳಿತು ನಾರುತ್ತದೆ. ಹದವಾದ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ಗುಂಡಿ ಅಣಬೆಗೆ ಹುಲ್ಲು, ಕೋಳಿ ಗೊಬ್ಬರ, ಜಿಪ್ಸಂ ಬೆರೆಸಿದ ಕಾಂಪೋಸ್ಟ್ ಬೇಕು. ರಾಶಿಯ ನಡುವೆ ಗಾಳಿ ತಲುಪದಿದ್ದರೆ ಹೈಡ್ರೋಜನ್ ಸಲ್ಫೈಡ್ ಮತ್ತಿತರ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ. ಕಣ್ಣುರಿಸುವ ಅಮೋನಿಯಾ ಪ್ರತ್ಯೇಕ ಸಂಗತಿ: ಅದು ಬೆಳೆಗೆ ಆಹಾರವಾಗಬೇಕಿದ್ದ ಸಾರಜನಕ. ಪಾಶ್ಚರೀಕರಣದ ನಂತರ ಕಾಂಪೋಸ್ಟನ್ನು 45ರಿಂದ 48 ಡಿಗ್ರಿಯಲ್ಲಿ ಇಟ್ಟಾಗ ಶಾಖಪ್ರಿಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ತಮ್ಮ ಪ್ರೋಟೀನಾಗಿ ಕಟ್ಟಿಕೊಳ್ಳುತ್ತವೆ. ಅದು 10 ಪಿಪಿಎಂಗಿಂತ ಕೆಳಗಿಳಿದ ಮೇಲೆಯೇ ಬೀಜ ಬಿತ್ತಬೇಕು. ರಾಶಿಯ ಅಡಿಯಿಂದ ಗಾಳಿ ಊದಿದರೆ ಗಂಧಕದ ನಾತ ಕುಗ್ಗುತ್ತದೆ. 45ರಿಂದ 48 ಡಿಗ್ರಿಯ ಹದಗೊಳಿಸುವಿಕೆಯಲ್ಲಿ ಅವಸರ ಮಾಡದಿದ್ದರೆ ಸಾರಜನಕ ಉಳಿಯುತ್ತದೆ.

4. ಒತ್ತಡದ ವಿರೋಧ ಮತ್ತು ಪರಿಹಾರ

ಬೆಳೆ ಕೋಣೆಯಲ್ಲಿ ಒತ್ತಡ ಹೊರಗಿಗಿಂತ ತುಸು ಹೆಚ್ಚಿರಬೇಕು. ಶೋಧಿಸಿದ ಗಾಳಿ ಒಳಗೆ ಬಂದು ಸಂದುಗಳಿಂದ ಹೊರಹೋದರೆ ನೊಣವೂ ಹಸಿರು ಬೂಸ್ಟಿನ ಬೀಜಕಣವೂ ನುಗ್ಗುವುದಿಲ್ಲ. ವಾಸನೆ ತಡೆಯಲು ಇದಕ್ಕೆ ತದ್ವಿರುದ್ಧವಾದ ಏರ್ಪಾಡು ಬೇಕು: ಒತ್ತಡ ತಗ್ಗಿ, ಗಾಳಿಯೆಲ್ಲ ಒಂದೇ ಕಿಂಡಿಯಿಂದ ಹೊರಬೀಳಬೇಕು. ಒಂದೇ ಕೋಣೆಯಲ್ಲಿ ಇವೆರಡೂ ಸಾಧ್ಯವಿಲ್ಲ.

ಒಳಾಂಗಣ ಗಿಡಗಳಿಗೆ ಜನಪ್ರಿಯವಾದ ಸಕ್ರಿಯ ಇದ್ದಿಲಿನ ಫಿಲ್ಟರ್ ಇಲ್ಲಿ ಸೋಲುತ್ತದೆ. ಶೇ. 85ರ ತೇವದಲ್ಲಿ ಇದ್ದಿಲಿನ ರಂಧ್ರಗಳನ್ನು ನೀರೇ ತುಂಬಿಕೊಳ್ಳುತ್ತದೆ. ಅಮೋನಿಯಾವನ್ನಂತೂ ಸಾದಾ ಇದ್ದಿಲು ಚೆನ್ನಾಗಿ ಹಿಡಿಯುವುದಿಲ್ಲ. ಓಝೋನ್ ಯಂತ್ರ ಕೆಲಸಗಾರರ ಶ್ವಾಸಕೋಶಕ್ಕೆ ಹಾನಿಕರ. ಕಾಂಪೋಸ್ಟ್ ಶೆಡ್ಡಿನ ಗಾಳಿಯನ್ನು ಮೊದಲು ನೀರಿನಲ್ಲಿ ತೊಳೆದು, ಬಳಿಕ ಮರದ ಚೂರು ಮತ್ತು ಕಾಂಪೋಸ್ಟಿನ ಒದ್ದೆ ಹಾಸಿನ ಮೂಲಕ ಹಾಯಿಸುವುದು ಮೇಲು. ಅಲ್ಲಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ, ಹೈಡ್ರೋಜನ್ ಸಲ್ಫೈಡನ್ನು ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ.

5. ಸಮಾರೋಪ

ಗಾಳಿಯ ದಿಕ್ಕಿಗೆ ಎದುರಾಗಿ ಬೆಳೆ ಕೋಣೆ, ಗಾಳಿ ಸಾಗುವ ಕೆಳಬದಿಯಲ್ಲಿ ಕಾಂಪೋಸ್ಟ್ ಶೆಡ್ಡು, ನಡುವೆ ಎರಡು ಬಾಗಿಲು: ಘಟಕದ ನಕ್ಷೆ ಬರೆಯುವಾಗಲೇ ಇಷ್ಟು ನಿರ್ಧಾರವಾಗಬೇಕು. ಮಾಗಿಸಿದ ಕಾಂಪೋಸ್ಟನ್ನು ಹೊರಗಿನಿಂದ ಕೊಳ್ಳಲು ಸಾಧ್ಯವಿರುವ ಸಣ್ಣ ಬೆಳೆಗಾರರು ಹಾಗೆ ಮಾಡುವುದೇ ಲೇಸು. ಅಣಬೆ ತರಬೇತಿಗಳು ಬೀಜ ಬಿತ್ತುವ ಪಾಠಕ್ಕೆ ಮೊದಲೇ ಸ್ಥಳೀಯ ತೇವಾಂಶದ ಲೆಕ್ಕವನ್ನೂ ಈ ವಿಂಗಡಣೆಯನ್ನೂ ಕಲಿಸಬೇಕು. ಆಗ ಇಳುವರಿಯ ಜೊತೆಗೆ ಕೆಲಸಗಾರರ ಉಸಿರು ಮತ್ತು ನೆರೆಮನೆಯವರ ನೆಮ್ಮದಿಯೂ ಉಳಿಯುತ್ತವೆ.